ನಾನು ಹಿಡಿದ ಕಾರಿಗೆ ಮೂರೇ ಚಕ್ರ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಸಾಧಿಸಿದವನನ್ನು ನಮ್ಮ ಗಾದೆ ಹಟಮಾರಿ ಎಂದು ಕರೆದು ಕೈತೊಳೆದುಕೊಂಡಿತು. ಆ ಮೊಲ ಮೂರು ಕಾಲಿನಲ್ಲಿ ಹೇಗೆ ಓಡುತ್ತಿತ್ತು, ಎಷ್ಟು ಹುಲ್ಲು ತಿನ್ನುತ್ತಿತ್ತು, ರಾತ್ರಿ ಎಷ್ಟು ಜಾಗದಲ್ಲಿ ಮುದುಡಿಕೊಳ್ಳುತ್ತಿತ್ತು ಎಂದು ಯಾರೂ ವಿಚಾರಿಸಲಿಲ್ಲ. ವಿಚಾರಿಸುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ, ಮೊಲದ ಬದಲು ಕಾರು ಇಟ್ಟುಕೊಂಡು. ಯಲಹಂಕದಿಂದ ಯಶವಂತಪುರಕ್ಕೋ ಆರ್.ಟಿ. ನಗರದಿಂದ ಹೆಬ್ಬಾಳದಾಚೆಗೋ ದಿನ ಬೆಳಗಾದರೆ ಓಡಾಡುವವರಿಗೆ ಬೇಕಾದದ್ದು ತಲೆಯ ಮೇಲೊಂದು ಸೂರು, ಮಳೆ ತಡೆಯಲು ಎರಡು ಬಾಗಿಲು, ಕೆಳಗೆ ಮೂರು ಚಕ್ರ. ನಾಲ್ಕನೆಯ ಚಕ್ರಕ್ಕೂ ಕಾರಣವಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಎಂಜಿನಿಯರುಗಳ ಹತ್ತಿರ ಸಿಗುವ ಕಾರಣವಲ್ಲ.

ಬೆಳಗ್ಗೆ ಒಂಬತ್ತೂವರೆಗೆ ಹೆಬ್ಬಾಳದ ಮೇಲ್ಸೇತುವೆಯಲ್ಲಿ ನಿಂತ ಕಾರುಗಳೊಳಗೆ ಒಮ್ಮೆ ಕಣ್ಣು ಹಾಯಿಸಿ. ಸ್ಟೀರಿಂಗ್ ಹಿಂದೆ ಒಬ್ಬರು. ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಬ್ಯಾಗು. ಅದರ ಭಾರಕ್ಕೆ ಯಾರೋ ಕೂತಿದ್ದಾರೆಂದು ತಿಳಿದು ಕಾರು ಕುಂಯ್‌ಗುಡುತ್ತದಾದ್ದರಿಂದ ಬ್ಯಾಗಿಗೂ ಬೆಲ್ಟು. ಹಿಂದಿನ ಸೀಟಿನಲ್ಲಿ ಹೋದ ಮಳೆಗಾಲದ ಕೊಡೆ. ಇಷ್ಟನ್ನು ಹೊತ್ತು ಒಂದು ಟನ್ ಲೋಹ ಗೊರಗೊರ ಎನ್ನುತ್ತ ನಿಂತಿರುತ್ತದೆ. ಮೇಲ್ಸೇತುವೆ ಬಂದದ್ದು 2003ರಲ್ಲಿ. ಅದು ಸಾಲದೆಂದು 2025ರ ಆಗಸ್ಟ್‌ನಲ್ಲಿ ಹೊಸ ಲೂಪು ಸೇರಿತು. ಸೇತುವೆಗೆ ಸೇತುವೆ ಹುಟ್ಟುತ್ತಿದೆ, ಕಾರಿನೊಳಗಿನ ಖಾಲಿ ಸೀಟು ಮಾತ್ರ ಹಾಗೇ ಇದೆ. ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ದಾಟಲು ಸುಮಾರು 34 ನಿಮಿಷ ಬೇಕು. ಎಂದರೆ ಗಂಟೆಗೆ ಸುಮಾರು ಹದಿನೇಳೂವರೆ ಕಿಲೋಮೀಟರ್. ಸೈಕಲ್ಲಿನವನು ಸ್ವಲ್ಪ ಉಸಿರು ಬಿಗಿಹಿಡಿದರೆ ಮುಟ್ಟಬಹುದಾದ ವೇಗ. ಈ ವೇಗಕ್ಕೆ ಐದು ಸೀಟು, ಆರು ಏರ್‌ಬ್ಯಾಗು, 180ರ ತನಕ ಅಂಕಿ ಬರೆದ ಸ್ಪೀಡೋಮೀಟರು!

ಮೂರರ ಮೇಲೆ ನಮ್ಮವರ ಅನುಮಾನ ಹಳೆಯದು. ಮೂವರು ಒಟ್ಟಿಗೆ ಹೊರಟರೆ ಕೆಲಸ ಕೆಡುತ್ತದೆಂದು ನಾಲ್ಕನೆಯವನ ಲೆಕ್ಕಕ್ಕೆ ಒಂದು ಕಲ್ಲನ್ನು ಜೇಬಿಗಿಳಿಸುವವರಿದ್ದಾರೆ. ಅದೇ ಜನ ಹೊಲದಲ್ಲಿ ಒಲೆ ಹೂಡುವಾಗ ಇಡುವುದು ಮೂರೇ ಕಲ್ಲು. ಏಕೆಂದರೆ ನೆಲ ಎಷ್ಟೇ ಏರುತಗ್ಗಾಗಿರಲಿ, ಮೂರರ ಮೇಲೆ ಕೂತ ಪಾತ್ರೆ ಅಲುಗುವುದಿಲ್ಲ. ನಾಲ್ಕು ಕಾಲಿನ ಹೋಟೆಲ್ ಮೇಜಿನ ಪಾಡು ಗೊತ್ತೇ ಇದೆ: ಕಾಫಿ ತಟ್ಟೆಗೆ ತುಳುಕಿದ ಮೇಲೆ ಮಾಣಿ ಬಂದು ರಟ್ಟಿನ ಚೂರೊಂದನ್ನು ಮಡಿಸಿ ಕಾಲಿನಡಿಗೆ ತುರುಕುತ್ತಾನೆ, ಆಗ ಎದುರಿನ ಕಾಲು ಎದ್ದು ನಿಲ್ಲುತ್ತದೆ. ಕೂಸು ನಡೆಯಲು ಕಲಿಯುವಾಗ ಕೈಗೆ ಕೊಡುವ ಮರದ ಗಾಡಿಗೂ ಮೂರೇ ಗಾಲಿ. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೋಟಾರು ಗಾಡಿಗೂ ಮೂರೇ. ಎರಡು ವರ್ಷ ಬಿಟ್ಟು ಅವರ ಹೆಂಡತಿ ಬರ್ಥಾ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಹೇಳದೆ, ಅಂಥದೇ ಗಾಡಿಯಲ್ಲಿ ನೂರು ಕಿಲೋಮೀಟರ್ ದಾಟಿ ತವರಿಗೆ ಹೋದರು. ದಾರಿಯಲ್ಲಿ ಔಷಧದಂಗಡಿಯಿಂದ ಇಂಧನ ಕೊಂಡರು. ಕಾರೆಂಬ ವಸ್ತುವಿನ ಮೊದಲ ದೂರಪ್ರಯಾಣವೇ ಮೂರು ಚಕ್ರದಲ್ಲಿ ತವರುಮನೆ ತಲುಪಿರುವಾಗ ಯಲಹಂಕ ತಲುಪುವುದು ಯಾವ ಮಹಾ?

ತಿರುವಿನಲ್ಲಿ ಮಗುಚುತ್ತದೆ ಎಂಬ ಆಕ್ಷೇಪಣೆಯನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. ಮುಂದೆ ಒಂದೇ ಚಕ್ರವಿರುವ ಗಾಡಿಯನ್ನು ಜೋರಾಗಿ ತಿರುಗಿಸುತ್ತ ಬ್ರೇಕ್ ಒತ್ತಿದರೆ ಭಾರವೆಲ್ಲ ಮುಂದಿನ ಒಂದು ಮೂಲೆಗೆ ನುಗ್ಗುತ್ತದೆ. ಹೋಗಿ ನೋಡಿದರೆ ಆ ಮೂಲೆಯಲ್ಲಿ ಚಕ್ರವೇ ಇಲ್ಲ. ಇದಕ್ಕೆ ಮದ್ದು ನೂರು ವರ್ಷದ ಹಿಂದೆಯೇ ಸಿಕ್ಕಿದೆ: ಎರಡು ಚಕ್ರ ಮುಂದೆ, ಒಂದು ಹಿಂದೆ. ಇಂಗ್ಲೆಂಡಿನ ಮಾರ್ಗನ್ ಕಂಪನಿ ಹಾಗೆ ಮಾಡಿದ ಕಾರುಗಳನ್ನು ರೇಸಿಗೇ ಇಳಿಸಿತ್ತು. ಇನ್ನು ಮುಂದೊಂದೇ ಚಕ್ರದ ನಮ್ಮ ಲಗೇಜ್ ಆಟೊಗಳು ಯಶವಂತಪುರದ ಎಪಿಎಂಸಿ ಯಾರ್ಡಿನಿಂದ ತಲೆ ಮೀರಿ ಮೂಟೆ ಹೇರಿಕೊಂಡು ಗೊರಗುಂಟೆಪಾಳ್ಯದ ಕಡೆ ತಿರುಗುವುದನ್ನು ನೋಡಿದವರಿಗೆ ಭೌತಶಾಸ್ತ್ರದ ಮೇಲಿನ ನಂಬಿಕೆಯೇ ಸ್ವಲ್ಪ ಸಡಿಲವಾಗುತ್ತದೆ.

ನನ್ನನ್ನು ನಿಜಕ್ಕೂ ಕಂಗೆಡಿಸುವ ಆಕ್ಷೇಪಣೆ ಗುಂಡಿಯದು. ನಾಲ್ಕು ಚಕ್ರದ ಕಾರು ರಸ್ತೆಯಲ್ಲಿ ಎರಡು ಗೆರೆ ಎಳೆಯುತ್ತದೆ. ಗುಂಡಿ ಎದುರಾದರೆ ಅದನ್ನು ಹೊಟ್ಟೆಯ ಕೆಳಗೆ ಬಿಟ್ಟುಕೊಂಡು, ಕಂಡೂ ಕಾಣದವರಂತೆ ದಾಟಬಹುದು. ಮೂರು ಚಕ್ರದ್ದು ಮೂರು ಗೆರೆ. ಬಲಗಡೆ ತಪ್ಪಿಸಿ, ಎಡಗಡೆ ತಪ್ಪಿಸಿ, ಸದ್ಯ ಬದುಕಿದೆವು ಎನ್ನುವಷ್ಟರಲ್ಲಿ ನಡುವಿನ ಚಕ್ರ ಧಡ್ ಎಂದು ಒಳಗಿಳಿದಿರುತ್ತದೆ. ನೆಲದ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲೋ ಕೆಳಗೋ ಕೂರಿಸಿದ ಮ್ಯಾನ್‌ಹೋಲ್ ಮುಚ್ಚಳಗಳೂ ನಡುರಸ್ತೆಯನ್ನೇ ಹುಡುಕಿಕೊಂಡು ಬಂದಿರುತ್ತವೆ. ಇದಕ್ಕೆ ಉತ್ತರ ಪುಸ್ತಕದಲ್ಲಿಲ್ಲ, ಆಟೊ ಚಾಲಕರ ಸೊಂಟದಲ್ಲಿದೆ. ಸೀಟಿನಲ್ಲಿ ಓರೆಯಾಗಿ ಕೂತು, ಹ್ಯಾಂಡಲ್ಲನ್ನು ಚೂರೇ ಚೂರು ಆ ಕಡೆ ಈ ಕಡೆ ಎಳೆದು, ಮೂರು ಗೆರೆಗೂ ಜಾಗ ಮಾಡಿಕೊಡುವ ಆ ವಿದ್ಯೆಯನ್ನು ನಗರ ದಿನವೂ ನೋಡುತ್ತಿದೆ. 1980ರ ‘ಆಟೊ ರಾಜ’ನ ನಂತರ ಶಂಕರ್‌ನಾಗ್ ಅವರ ಚಿತ್ರ ಅಷ್ಟೊಂದು ಆಟೊಗಳ ಬೆನ್ನಿಗೆ ಅಂಟಿದ್ದು ಸುಮ್ಮನೆ ಅಲ್ಲ, ಮೂರು ಚಕ್ರದ ಸವಾರಿಗೆ ಒಬ್ಬ ಕುಲದೇವರು ಬೇಕು.

ಪೆಟ್ರೋಲಿಗೆ ಬರೋಣ. ದಿನಕ್ಕೆ 30 ಕಿಲೋಮೀಟರ್, ವರ್ಷಕ್ಕೆ 300 ದಿನ ಎಂದರೆ 9,000 ಕಿಲೋಮೀಟರ್. ಲೀಟರಿಗೆ 15 ಕೊಡುವ ಕಾರಿಗೆ 600 ಲೀಟರ್ ಬೇಕು. ಹಗುರವಾದ ಮೂರು ಚಕ್ರದ ಗಾಡಿ 30 ಕೊಡುತ್ತದೆಂದು ಹಿಡಿದರೆ 300. ಲೀಟರಿಗೆ ನೂರು ರೂಪಾಯಿ ದಾಟಿರುವ ಈ ಕಾಲದಲ್ಲಿ ವರ್ಷಕ್ಕೆ ಮೂವತ್ತು ಸಾವಿರ ಮಿಗುತ್ತದೆ. ಕೇಳಲು ಇಂಪಾಗಿದೆ. ಆದರೆ ಮೂರು ಚಕ್ರದ ಪರವಾಗಿ ಮಾತಾಡುವವರು ಈ ಜಾಗದಲ್ಲಿ ಕೊಂಚ ಜಾಣತನ ಮಾಡುತ್ತಾರೆ. ಅಮೆರಿಕದ ಎಲಿಯೊ ಎಂಬ ಕಂಪನಿ 6,800 ಡಾಲರಿಗೆ ಒಬ್ಬರ ಹಿಂದೊಬ್ಬರು ಕೂರುವ ಮೂರು ಚಕ್ರದ ಕಾರು ಕೊಡುತ್ತೇನೆಂದು ಸಾವಿರಾರು ಜನರಿಂದ ಮುಂಗಡ ತೆಗೆದುಕೊಂಡಿತ್ತು. ಅದು ಸಾರಿದ ಮೈಲೇಜು ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 84 ಮೈಲಿ, ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 36 ಕಿಲೋಮೀಟರ್. ಊರೊಳಗಿನ ಅಂಕಿ 49 ಮೈಲಿ, ಲೀಟರಿಗೆ 21ರ ಆಸುಪಾಸು. ನಮ್ಮ ಮಾರುತಿ ಸೆಲೆರಿಯೊ ನಾಲ್ಕು ಚಕ್ರ, ಐದು ಸೀಟು ಇಟ್ಟುಕೊಂಡೇ ಕಾಗದದ ಮೇಲೆ 26 ದಾಟುತ್ತದೆ. ಮೀನಿನಂತೆ ಬಾಲ ಸಣ್ಣಗಾದ ಗಾಡಿ ಗಾಳಿಯನ್ನು ಸೀಳಿ ಉಳಿತಾಯ ಮಾಡುವುದು ವೇಗವಿದ್ದರೆ ಮಾತ್ರ. ಮೇಖ್ರಿ ಸರ್ಕಲ್ಲಿನಲ್ಲಿ ಸೀಳಲು ಸಿಗುವುದು ಗಾಳಿಯಲ್ಲ, ಮುಂದಿನ ಬಿಎಂಟಿಸಿ ಬಸ್ಸಿನ ಬಂಪರು. ಅಂದಹಾಗೆ ಎಲಿಯೊ ಒಂದು ಗಾಡಿಯನ್ನೂ ಗಿರಾಕಿಯ ಕೈಗೆ ಕೊಡಲಿಲ್ಲ. ಪೆಟ್ರೋಲ್ ಉಳಿಸುವುದರಲ್ಲಿ ಅದನ್ನು ಮೀರಿಸಿದ ಕಾರು ಇಲ್ಲ.

ಆದ್ದರಿಂದ ನನ್ನ ಮೊಲವನ್ನು ಮೈಲೇಜಿಗಾಗಿ ಹೊಗಳುವುದನ್ನು ಬಿಟ್ಟು, ಅದು ಹಿಡಿಯುವ ಜಾಗಕ್ಕಾಗಿ ಹೊಗಳುತ್ತೇನೆ. ಆಟೊದ ಉದ್ದ ಎರಡೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು, ಆಲ್ಟೊದಂಥ ಪುಟ್ಟ ಕಾರಿನದು ಮೂರೂವರೆಯ ಹತ್ತಿರ. ಒಂದು ಮೀಟರಿನ ಬೆಲೆ ತಿಳಿಯಬೇಕಾದರೆ ಸಂಜೆ ಏಳರ ನಂತರ ಆರ್.ಟಿ. ನಗರದ ಅಡ್ಡರಸ್ತೆಗಳಲ್ಲಿ ನಡೆದುನೋಡಬೇಕು. ಒಂದು ಮನೆಯ ಮುಂದೆ ಒಡೆದ ತುಳಸಿ ಕುಂಡ, ಇನ್ನೊಂದರ ಮುಂದೆ ಸಿಮೆಂಟ್ ತುಂಬಿ ಕಬ್ಬಿಣದ ಪೈಪು ನೆಟ್ಟ ಪೇಂಟ್ ಡಬ್ಬ, ಮತ್ತೊಂದರ ಮುಂದೆ ಸೀಟಿಲ್ಲದ ಸ್ಕೂಟರು. ಎಲ್ಲವೂ ಬರಲಿರುವ ಕಾರಿಗೆ ಕರ್ಚೀಫು ಹಾಕಿ ಹಿಡಿದ ಸೀಟುಗಳು. ಹಾಗಾದರೆ ಆಟೊದಲ್ಲೇ ಹೋಗಬಾರದೇ ಎಂದು ಕೇಳಬಹುದು. 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಹದಿನೈದು ಕಿಲೋಮೀಟರಿಗೆ 270, ಹೋಗಿಬರಲು 540, ಅದೂ ಮೀಟರು ಬಿದ್ದರೆ. ಬೀಳದಿದ್ದರೆ ಎಷ್ಟೆಂಬುದು ಗಣಿತಕ್ಕಲ್ಲ, ಜ್ಯೋತಿಷ್ಯಕ್ಕೆ ಸೇರಿದ್ದು.

ಇಷ್ಟು ಒಳ್ಳೆಯ ಗಾಡಿಯನ್ನು ಯಾರೂ ಮಾಡಲಿಲ್ಲವೇ? ಮಾಡಿದರು, ಅದೂ ಇದೇ ಊರಿನಲ್ಲಿ. 1970ರ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಕಂಪನಿ, ಮುಂದೆ ಸಿಪಾನಿ ಆಟೊಮೊಬೈಲ್ಸ್ ಎಂದು ಹೆಸರಾದದ್ದು, ‘ಬಾದಲ್’ ಎಂಬ ಮೂರು ಚಕ್ರದ ಕಾರು ತಂದಿತು. ಫೈಬರ್‌ಗ್ಲಾಸ್ ಮೈ, ಮುಂದೊಂದು ಚಕ್ರ, ಹಿಂಭಾಗದಲ್ಲಿ 198 ಸಿಸಿಯ ಟು-ಸ್ಟ್ರೋಕ್ ಎಂಜಿನ್. ಬಾದಲ್ ಎಂದರೆ ಮೋಡ. ಬಂತು, ಗುಡುಗಿತು, ಮಳೆ ಬೀಳಲಿಲ್ಲ. ಬಳಿಕ ಬಾದಲ್‌ಗೇ ನಾಲ್ಕನೆಯ ಚಕ್ರ ಜೋಡಿಸಿದರು. ಆಮೇಲೆ ಬಂದ ಡಾಲ್ಫಿನ್, ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರಿನ ಅಚ್ಚು. ಆ ಕಿಟನ್ನಿಗೆ ಒಬ್ಬ ಅಣ್ಣನಿದ್ದ, ರಾಬಿನ್, ಮೂರು ಚಕ್ರದವನು. ಅಣ್ಣ ತನ್ನ ದೇಶದಲ್ಲಿ ದಶಕಗಟ್ಟಲೆ ಬಾಳಿದ, ಏಕೆಂದರೆ ಅಲ್ಲಿಯ ಕಾನೂನು ಅವನನ್ನು ಬೈಕಿನ ಲೈಸೆನ್ಸಿನಲ್ಲೇ ಓಡಿಸಬಿಡುತ್ತಿತ್ತು, ತೆರಿಗೆಯೂ ಕಡಿಮೆ. ನಮ್ಮಲ್ಲಿ ಅಂಥ ಮುದ್ದು ಸಿಗಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಮೇಲೆ ಬೆಂಗಳೂರಿನ ತಮ್ಮನಿಗೂ ಉಳಿಗಾಲವಿಲ್ಲವಾಯಿತು.

ಬಾದಲ್ ಸೋತದ್ದು ಚಕ್ರ ಕಡಿಮೆಯಾಗಿದ್ದಕ್ಕೆ ಎನ್ನುವುದಾದರೆ ನಾಲ್ಕು ಚಕ್ರದ ಟಾಟಾ ನ್ಯಾನೊ ಗೆಲ್ಲಬೇಕಿತ್ತು. 2009ರಲ್ಲಿ ಒಂದು ಲಕ್ಷದ ಕಾರೆಂದು ಲೋಕವೆಲ್ಲ ಕೊಂಡಾಡಿತು. ಅಗ್ಗದ ಕಾರೆಂದು ಕರೆದದ್ದೇ ಅದಕ್ಕೆ ಅಂಟಿದ ಕಳಂಕವಾಯಿತೆಂದು ಮುಂದೆ ರತನ್ ಟಾಟಾ ಅವರೇ ಒಪ್ಪಿಕೊಂಡರು. ಆಟೊಗೆ ಬಾಗಿಲು ಹಾಕಿ ಇನ್ನೊಂದು ಚಕ್ರ ಕೊಟ್ಟಂತಿರುವ ಬಜಾಜ್ ಕ್ಯೂಟ್ 2019ರಲ್ಲಿ ಊಬರ್ ಮೂಲಕ ಬೆಂಗಳೂರಿಗೂ ಬಂತು. ಈಗ ಕಣ್ಣಿಗೆ ಬಿದ್ದರೆ ಅಪರೂಪ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಏನು ಮಾಡುವ ಮುಂಚೆಯೂ ನಾವು ಕೇಳಿಕೊಳ್ಳುವ ಪ್ರಶ್ನೆ ಒಂದೇ: ನಾಲ್ಕು ಜನ ಏನಂತಾರೆ? ಆ ನಾಲ್ಕು ಜನರಿಗೆ ತಲೆಗೊಂದರಂತೆ ನಾಲ್ಕು ಚಕ್ರ. ಮೂರೇ ಇದ್ದರೆ ಒಬ್ಬರಿಗೆ ಕಡಿಮೆ ಬೀಳುತ್ತದೆ, ಆ ಒಬ್ಬರು ಸಾಮಾನ್ಯವಾಗಿ ಬೀಗರ ಕಡೆಯವರಾಗಿರುತ್ತಾರೆ. ಬಾಡಿಗೆ ಆಟೊದಲ್ಲಿ ಮದುವೆಮನೆಗೆ ಹೋಗಿ ಇಳಿದರೆ ‘ಕಾರು ಸರ್ವೀಸಿಗೆ ಬಿಟ್ಟಿದೀವಿ’ ಎಂದು ಹೇಳಿ ಪಾರಾಗಬಹುದು. ಸ್ವಂತದ್ದೇ ಮೂರು ಚಕ್ರದ್ದಾದರೆ ಯಾವ ಸರ್ವೀಸ್ ಸೆಂಟರೂ ಕಾಪಾಡುವುದಿಲ್ಲ.

ಊರಾಚೆ ಹೋಗುವುದು ಹೇಗೆ ಎಂಬ ಪ್ರಶ್ನೆಗೆ ಸೋಲೊಪ್ಪುತ್ತೇನೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಮೂರು ಚಕ್ರದ ಗಾಡಿ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ನಾಲ್ಕನೆಯ ಚಕ್ರ ಹಾಕಿಕೊಂಡು ಬಂದ ಕ್ಯೂಟಿನ ಜಾತಿಯವರೂ ಆ ಪಟ್ಟಿಯಲ್ಲಿದ್ದಾರೆ. ನನ್ನ ಗಾಡಿ ಮೈಸೂರಿಗೆ ಹೊರಟರೆ ಪಕ್ಕದ ಸರ್ವೀಸ್ ರಸ್ತೆಯಲ್ಲಿ ಹೋಗಬೇಕು. ಅಲ್ಲಿ ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ ಸಿಗುತ್ತವೆ ಎಂಬುದನ್ನು ವಾದವಾಗಿ ಬಳಸಬಾರದು, ಬಳಸದೆ ಇರಲೂ ಆಗುತ್ತಿಲ್ಲ.

ಲೆಕ್ಕಕ್ಕೆ ಬರದ ಉಳಿತಾಯ ಇನ್ನೊಂದಿದೆ. ಹೊಸ ಗಾಡಿಯನ್ನು ದೇವಸ್ಥಾನದ ಮುಂದೆ ನಿಲ್ಲಿಸಿ, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರಕ್ಕೊಂದರಂತೆ ನಿಂಬೆಹಣ್ಣು ಇಡುತ್ತಾರಲ್ಲ, ಆ ಶಾಸ್ತ್ರ. ಅರ್ಚಕರು ರೂಢಿಯಂತೆ ನಾಲ್ಕು ತರಿಸಿರುತ್ತಾರೆ. ಮೂರಿಟ್ಟು, ನಾಲ್ಕನೆಯದನ್ನು ಹಿಡಿದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಬಗ್ಗಿ ಕೆಳಗೂ ನೋಡಿ, ‘ಇದೆಲ್ಲಿಗೆ ಸ್ವಾಮಿ?’ ಎಂದು ಕೇಳುತ್ತಾರೆ. ಬೇಸಿಗೆಯಾದರೆ ಪಾನಕಕ್ಕೆ, ಇಲ್ಲವಾದರೆ ರಾತ್ರಿಯ ಚಿತ್ರಾನ್ನಕ್ಕೆ.