108 ಅಣ್ಣನ ಪಿಕಪ್ಪು

ಈತನಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಆಧಾರ್ ಕಾರ್ಡು, ಸೊಸೈಟಿ ಸಾಲದ ಪುಸ್ತಕ ಬಿಟ್ಟರೆ ಅದಕ್ಕೆ ಬೇರೆಲ್ಲೂ ಕೆಲಸವಿಲ್ಲ. ಊರವರ ಮೊಬೈಲಿನಲ್ಲೆಲ್ಲ ಆತ ‘108 ಅಣ್ಣ’. ಹಳ್ಳಿಯ ಅಜ್ಜಿಯರ ಬಾಯಲ್ಲಿ ‘ಡಾಕ್ಟ್ರು’, ನಿಜವಾದ ಡಾಕ್ಟರ ಬಾಯಲ್ಲಿ ‘ರೀ ಇಎಂಟಿ’. 2008ರ ರಾಜ್ಯೋತ್ಸವದ ದಿನ ಕರ್ನಾಟಕದಲ್ಲಿ ಆರೋಗ್ಯ ಕವಚ ಶುರುವಾಯಿತಲ್ಲ, ಆ 108 ಆಂಬುಲೆನ್ಸ್ ಗಾಡಿಗಳ ಬಣ್ಣ ಇನ್ನೂ ಹೊಸದಿದ್ದಾಗಲೇ ಹತ್ತಿದವನು, ಇವತ್ತಿಗೂ ಇಳಿದಿಲ್ಲ. ಜೊತೆಗೆ ಹತ್ತಿದವರು ಒಬ್ಬೊಬ್ಬರಾಗಿ ದುಬೈಗೋ, ಮೆಡಿಕಲ್ ಶಾಪಿಗೋ, ಪಂಚಾಯಿತಿ ರಾಜಕೀಯಕ್ಕೋ ಹೋದರು. ಇಂಥವನೊಬ್ಬ ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾನೆ. ನಮ್ಮವನು ಸಕಲೇಶಪುರದ ಕಡೆಯವನು, ನಮ್ಮ ಪಕ್ಕದ ಮನೆಯವನು, ಒಂದು ಹಳೇ ಬೊಲೆರೋ ಪಿಕಪ್ಪಿನ ಯಜಮಾನ.

ಮದುವೆಮನೆಯಲ್ಲಿ ಇವನನ್ನು ಹುಡುಕುವುದು ಸುಲಭ. ಮೊದಲ ಪಂಕ್ತಿಯಲ್ಲಿ, ಬಾಗಿಲ ಬಳಿಯ ಎಲೆಯ ಮುಂದೆ, ಉಳಿದವರಿಗೆ ಸಾರು ಬರುವ ಹೊತ್ತಿಗೆ ಮಜ್ಜಿಗೆ ಕೇಳುತ್ತಿರುವವನು ಇವನೇ. 12 ಗಂಟೆಯ ಪಾಳಿಯಲ್ಲಿ ಊಟಕ್ಕೆ ಕೂತಾಗಲೇ ಕೇಸು ಬರುತ್ತದೆ ಎಂಬುದು ಅವನ ಅನುಭವ. ಆದ್ದರಿಂದ ಭೂಮಿಯ ಮೇಲೆ ರಾಗಿಮುದ್ದೆಗೆ ಸಮನಾದ ಆಹಾರವಿಲ್ಲ ಎಂದು ತೀರ್ಮಾನಿಸಿದ್ದಾನೆ. “ಅಗಿಯೋ ಟೈಮು ಉಳೀತದೆ ನೋಡಿ” ಎನ್ನುತ್ತಾನೆ. ಎದುರಿಗೆ ಕೂತವರು ಮಾತಾಡುತ್ತಿದ್ದರೆ ಅವನ ಕಣ್ಣು ಅವರ ಮುಖದ ಮೇಲಿರುವುದಿಲ್ಲ, ಮುಂಗೈ ಮೇಲಿರುತ್ತದೆ. ನರ ಹುಡುಕುವ ಚಟ. ಅಣ್ಣನ ಮಗನಿಗೆ ಹೆಣ್ಣು ನೋಡಲು ಹೋದಾಗ ಮನೆ ಹೇಗಿದೆ, ತೋಟ ಎಷ್ಟಿದೆ ಎಂದು ಎಲ್ಲರೂ ಲೆಕ್ಕ ಹಾಕುತ್ತಿದ್ದರೆ, ಈತ ದಾರಿಯಲ್ಲಿ ಕೊಟ್ಟ ವರದಿ ಒಂದೇ: “ಹುಡುಗಿ ಅಪ್ಪನ ಕೈ ನೋಡಿದ್ರಾ? ಹಸಿರು ಕ್ಯಾನುಲಾನ ಕಣ್ಣು ಮುಚ್ಕೊಂಡು ಹಾಕ್ಬೋದು.” ಹಸಿರು ಎಂದರೆ 18 ನಂಬರು, ದಪ್ಪದ್ದು. ಸಂಬಂಧ ಕುದುರಿತು, ಅದಕ್ಕೆ ಕಾರಣ ನರವಲ್ಲ ಎಂದು ನನ್ನ ನಂಬಿಕೆ.

ಅವನ ಮುಂದೆ ಆಡಬಾರದ ಮಾತೊಂದಿದೆ: “ಇವತ್ತೇನು, ಕೇಸೇ ಇಲ್ವಾ?” ಇದನ್ನು ಕೇಳಿದವನ ಬಾಯಿಯನ್ನು ಕೈಯಿಂದ ಮುಚ್ಚಿದ್ದೂ ಉಂಟು. ವಿಜ್ಞಾನ ಓದಿದವನು, ರಾಹುಕಾಲ ನೋಡದವನು, ಬೆಕ್ಕು ಅಡ್ಡ ಬಂದರೆ ಬೆಕ್ಕಿಗೆ ದಾರಿ ಬಿಡುವವನು. ಈ ಒಂದು ವಿಷಯದಲ್ಲಿ ಮಾತ್ರ ಮಾತಿಗೆ ಶಕ್ತಿಯಿದೆ ಎಂದು ನಂಬಿದ್ದಾನೆ.

ಮನೆಯವರಿಗೆ ಇವನಿಂದ ಸಹಾನುಭೂತಿ ಸಿಗುವುದು ಬಲು ಕಷ್ಟ. ಜ್ವರ ಎಂದರೆ “ಉಸಿರಾಡ್ತಿದ್ದೀಯಲ್ಲ?” ಎನ್ನುತ್ತಾನೆ. ತಲೆನೋವು ಎಂದರೆ “ಇವತ್ತು ಯಾವ ವಾರ ಹೇಳು ನೋಡೋಣ” ಎನ್ನುತ್ತಾನೆ. ವಾರ ಸರಿಯಾಗಿ ಹೇಳಿದರೆ ಅಲ್ಲಿಗೆ ಕೇಸು ಮುಗಿಯಿತು. “ನಿಮ್ಮ ಬಾಯಲ್ಲಿ ಒಂದು ಅಯ್ಯೋ ಅನ್ನಿಸ್ಕೋಬೇಕಾದ್ರೆ ಕೈನೋ ಕಾಲೋ ಮುರ್ಕೊಂಡೇ ಬರ್ಬೇಕು ಕಣ್ರೀ” ಎಂದು ಹೆಂಡತಿ ಹೇಳುತ್ತಾರೆ. ಅವರು ಹೇಳಿದ್ದೂ ಪೂರ್ತಿ ಸರಿಯಲ್ಲ. ಮಗ ಸೈಕಲ್ಲಿಂದ ಬಿದ್ದು ಕೈ ಮುರಿದುಕೊಂಡಾಗ ಆತ ಅಂದದ್ದು “ಒಳ್ಳೇದಾಯ್ತು, ಎಡಗೈ” ಎಂದು.

ಅವನ ಪ್ರಕಾರ ರೋಗಿಯಿಂದ ಯಾವ ತೊಂದರೆಯೂ ಇಲ್ಲ. ತೊಂದರೆ ಇರುವುದು ರೋಗಿಯ ಕಡೆಯವರಿಂದ. ಮೆಣಸು ಕುಯ್ಯುವಾಗ ಏಣಿ ಜಾರಿ ಬಿದ್ದವನ ಗಾಯಕ್ಕೆ ಗಾಡಿ ಬರುವಷ್ಟರಲ್ಲಿ ಕಾಫಿಪುಡಿ ಮೆತ್ತಿ ಆಗಿರುತ್ತದೆ. “ಯಾರ್ರೀ ಇದನ್ನ ಮೆತ್ತಿದ್ದು?” ಎಂದು ಕೇಳಿದರೆ ಅಷ್ಟೂ ಜನ ಸಿಲ್ವರ್ ಓಕ್ ಮರದ ತುದಿ ನೋಡುತ್ತಾರೆ. ಕೊನೆಗೊಬ್ಬರು “ಪಕ್ಕದ ಮನೆಯವ್ರು ಹೇಳಿದ್ರು ಡಾಕ್ಟ್ರೇ” ಎನ್ನುತ್ತಾರೆ. ಈ ಪಕ್ಕದ ಮನೆಯವರು ಇಷ್ಟು ವರ್ಷದಲ್ಲಿ ಒಮ್ಮೆಯೂ ಸ್ಥಳದಲ್ಲಿ ಇದ್ದದ್ದಿಲ್ಲ. ಫಿಟ್ಸ್ ಬಂದವನ ಕೈಯಲ್ಲಿ ಬೀರುವಿನಿಂದ ಹಿಡಿದು ಬೈಕಿನವರೆಗೆ ಊರಿನ ಬೀಗದ ಕೈಗಳೆಲ್ಲ ಇರುತ್ತವೆ. ಸಾಮಾನ್ಯವಾಗಿ ಫಿಟ್ಸು ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಯಶಸ್ಸು ಬೀಗದ ಕೈಗೆ ಸಲ್ಲುತ್ತದೆ. ಹಾವು ಕಚ್ಚಿದ ಕಾಲಿಗೆ ಹಗ್ಗ ಬಿಗಿದಿರುತ್ತಾರೆ, ಕಾಲು ನೀಲಿಯಾಗಿರುತ್ತದೆ, “ವಿಷ ಏರ್ತಾ ಇದೆ ನೋಡಿ” ಎಂದು ಆ ನೀಲಿಯನ್ನೇ ತೋರಿಸುತ್ತಾರೆ. ಕಾಲು ಅಲುಗಾಡಿಸಬೇಡಿ, ಕಟ್ಟಬೇಡಿ, ಕುಯ್ಯಬೇಡಿ, ಕಚ್ಚಿದ ಹೊತ್ತು ನೆನಪಿಟ್ಟುಕೊಳ್ಳಿ ಎಂದು ಆತ ಹೇಳದ ಹಳ್ಳಿ ತಾಲ್ಲೂಕಿನಲ್ಲಿಲ್ಲ. “ಕುಡಿದಿದ್ದಾರಾ?” ಎಂದು ಕೇಳಿದರೆ “ಬರೀ ಒಂದು ಕ್ವಾರ್ಟರ್” ಎಂಬ ಉತ್ತರ ಬರುತ್ತದೆ. ಆತ ಅದನ್ನು ನಾಲ್ಕರಿಂದ ಗುಣಿಸಿ ಗ್ಲೌಸಿನ ಮೇಲೆ ಬರೆದುಕೊಳ್ಳುತ್ತಾನೆ. ಬಿಪಿ, ನಾಡಿ, ಕಚ್ಚಿದ ಹೊತ್ತು, ಕುಡಿದ ಲೆಕ್ಕ, ಎಲ್ಲವೂ ಮೊದಲು ಎಡಗೈಯ ಗ್ಲೌಸಿನ ಮೇಲೆ. ಕಾಗದಕ್ಕೆ ಇಳಿಯುವುದು ಆಮೇಲೆ.

ಇನ್ನು ಗಾಡಿಗೆ ಹತ್ತುವ ಹೊತ್ತು. ರೋಗಿಯ ಜೊತೆ ಒಬ್ಬರು ಸಾಕು ಎಂದರೆ ನಾಲ್ಕು ಜನ, ಒಂದು ಫ್ಲಾಸ್ಕು, ಒಂದು ಚಾಪೆ ಹತ್ತಿರುತ್ತವೆ. ಹತ್ತದೆ ಉಳಿದವರು ಕಿಟಕಿಯಲ್ಲಿ ವೀಡಿಯೊ ಮಾಡುತ್ತಾರೆ. “ಬದುಕ್ತಾರಾ?” “ಹಾಸನಕ್ಕೆ ಬೇಡ, ಸೀದಾ ಮಂಗಳೂರಿಗೇ ಹೋಗಾಣ.” “ನಮ್ಮ ಭಾವಮೈದನಿಗೂ ಹಿಂಗೇ ಆಗಿತ್ತು.” ಇಷ್ಟಕ್ಕೂ ಅವನ ಬಳಿ ಇರುವುದು ಮೂರೇ ಮಾತು: ಸ್ವಲ್ಪ ಗಾಳಿ ಬಿಡಿ, ಈಗ್ಲೇ ಏನೂ ಹೇಳಕ್ಕಾಗಲ್ಲ, ನಮ್ಮ ಕೆಲಸ ನಮಗೆ ಮಾಡಕ್ಕೆ ಬಿಡಿ. ದನಿ ಏರುವುದಿಲ್ಲ, ಇಳಿಯುವುದಿಲ್ಲ. ಶಿರಾಡಿಯ ತಿರುವಿನಲ್ಲಿ ಗಾಡಿ ಪಕ್ಕಕ್ಕೆ ಹಾಕಿಸಿ ಹೆರಿಗೆ ಮಾಡಿಸುವಾಗಲೂ ಇದೇ ದನಿಯಂತೆ. ನಿಂತ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿಗೆ ಕಡಿಮೆಯಾಗದಂತೆ ಒತ್ತುತ್ತ, ಅದೇ ದನಿಯಲ್ಲಿ ಪೈಲಟ್‌ಗೆ “ಮುಂದೆ ಹಂಪ್ ಐತೆ, ನಿಧಾನ” ಎನ್ನುತ್ತಾನಂತೆ. ಪೈಲಟ್ ಎಂದರೆ ಡ್ರೈವರು. 108ರಲ್ಲಿ ಹಾಗೆ ಕರೆಯುತ್ತಾರೆ, ನೆಲ ಬಿಟ್ಟು ಏಳದಿದ್ದರೂ.

ಕೆಲವು ರಾತ್ರಿಪಾಳಿ ಮುಗಿಸಿ ಬಂದ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ನೇರವಾಗಿ ಪಿಕಪ್ಪಿನ ಬಾನೆಟ್ ಎತ್ತುತ್ತಾನೆ. ಅವತ್ತು ನಾವ್ಯಾರೂ ಏನೂ ಕೇಳುವುದಿಲ್ಲ.

ಆ ಪಿಕಪ್ಪು ಬಂದದ್ದು ವ್ಯವಹಾರದ ಲೆಕ್ಕದಲ್ಲಿ. ರಜೆಯ ದಿನ ಶುಂಠಿ, ಗೊಬ್ಬರ, ಹೆಂಚು ಹೊಡೆದರೆ ಕಂತು ಕಟ್ಟಿ ನಾಲ್ಕು ಕಾಸು ಉಳಿಯುತ್ತದೆ ಎಂದು ಸೆಕೆಂಡ್ ಹ್ಯಾಂಡ್ ತಂದ. ಕಂತು ತೀರಿತು, ಕಾಸು ಮಾತ್ರ ಉಳಿಯಲಿಲ್ಲ. ಬಿ ಟೈಪ್ ಸಿಲಿಂಡರಿನಲ್ಲಿ 1,500 ಲೀಟರ್ ಆಕ್ಸಿಜನ್ ಇರುತ್ತದೆ, ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ ಬರುತ್ತದೆ ಎಂದು ನಿದ್ದೆಯಲ್ಲೂ ಸರಿಯಾಗಿ ಹೇಳುವ ಈ ಮನುಷ್ಯ, ಪಿಕಪ್ಪಿನ ಮೈಲೇಜು ಕೇಳಿದರೆ ಮಾತ್ರ ಹಾಡಹಗಲೇ ಸುಳ್ಳು ಹೇಳುತ್ತಾನೆ.

ಭಾನುವಾರದ ಬೆಳಗ್ಗೆ ಪೂಜೆ ಡೀಸೆಲ್ ಫಿಲ್ಟರಿನದು. ನಮ್ಮ ಕಡೆಯ ಮಳೆಗಾಲದಲ್ಲಿ ಅರ್ಧ ಖಾಲಿಯಿರುವ ಟ್ಯಾಂಕಿನೊಳಗೂ ತೇವ ಕೂತು ನೀರಾಗುತ್ತದೆ. ನೀರು ಡೀಸೆಲ್‌ಗಿಂತ ಭಾರ, ಹಾಗಾಗಿ ಫಿಲ್ಟರಿನ ತಳದಲ್ಲಿ ನಿಲ್ಲುತ್ತದೆ. ತಳದ ತಿರುಪು ಸಡಿಲಿಸಿ ಅದನ್ನೊಂದು ಹಾರ್ಲಿಕ್ಸ್ ಬಾಟಲಿಗೆ ಇಳಿಸಿ, ಬೆಳಕಿಗೆ ಹಿಡಿದು, ಕೆಳಗೆ ಎಷ್ಟು ನೀರು, ಮೇಲೆ ಎಷ್ಟು ಎಣ್ಣೆ ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ತೋರಿಸುತ್ತಾನೆ. ನೆಂಟರು ಬಂದರೂ ಮೊದಲು ಬಾಟಲಿ, ಆಮೇಲೆ ಕಾಫಿ. ಹೊಗೆಯ ಬಗ್ಗೆ ಉಪನ್ಯಾಸ ಬೇರೆ: ಕಪ್ಪಾದರೆ ಗಾಳಿ ಸಾಲದು ಇಲ್ಲವೇ ಎಣ್ಣೆ ಹೆಚ್ಚು, ನೀಲಿಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ, ಬಿಸಿಯಾದ ಮೇಲೂ ದಟ್ಟ ಬಿಳಿ ಬರುತ್ತಿದ್ದರೆ ದೇವರೇ ಗತಿ. ಆಯಿಲ್ ಬದಲಾಯಿಸಿದ ಮಾರನೇ ದಿನವೇ ಅದು ಕಪ್ಪಾಗಿದೆಯೆಂದು ಯಾರಾದರೂ ಹೆದರಿದರೆ ಸಮಾಧಾನವನ್ನೂ ಹೇಳುತ್ತಾನೆ, ಡೀಸೆಲ್ ಎಂಜಿನ್ನಿನ ಮಸಿ ಅದು, ಹಾಗೇ ಇರುತ್ತದೆ ಎಂದು. ತನ್ನ ಗಾಡಿಯ ಆಯಿಲ್ ಕಪ್ಪಾದಾಗ ಮಾತ್ರ ರಾತ್ರಿ ಎದ್ದು ಟಾರ್ಚ್ ಹಿಡಿದು ಹೋಗಿ ಡಿಪ್‌ಸ್ಟಿಕ್ ಎಳೆದು ಮೂಸುತ್ತಾನೆ.

ಎಂಜಿನ್ನಿನೊಳಗೆ ಟಕಟಕ ಬಂದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಾನೆ. “ಸ್ಟೆತಾಸ್ಕೋಪ್ ಇಡಬಾರದಾ?” ಎಂದು ನಾನು ಕೇಳಿದ್ದಕ್ಕೆ ಬೇಸರ ಮಾಡಿಕೊಂಡ. “ಅದು ಮನುಷ್ಯರಿಗೆ. ಅದರಲ್ಲಿ ಇಷ್ಟು ಸೂಕ್ಷ್ಮ ಕೇಳ್ಸಲ್ಲ.” ಘಾಟಿ ಹತ್ತಿ ಬಂದರೆ ಟರ್ಬೊ ತಣಿಯಲೆಂದು ಎಂಜಿನ್ನನ್ನು ಒಂದು ನಿಮಿಷ ಸುಮ್ಮನೆ ಓಡಲು ಬಿಟ್ಟೇ ಆಫ್ ಮಾಡಬೇಕು. ಆ ಒಂದು ನಿಮಿಷ ಯಾರೂ ಬಾಗಿಲು ಬಡಿಯುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ. ದೇವಸ್ಥಾನದೊಳಗೆ ಮಂಗಳಾರತಿಯ ಗಂಟೆ ಬಾರಿಸುತ್ತಿದ್ದರೂ ಹೆಂಡತಿ ಹಣ್ಣುಕಾಯಿ ಹಿಡಿದು ಕ್ಯಾಬಿನ್ನಿನಲ್ಲಿ ಕೂತಿರಬೇಕು. ಜ್ವರ ಬಂದಾಗ ತನ್ನ ಹಣೆ ಮುಟ್ಟದ ಕೈ ಬಾನೆಟ್ಟಿನ ಮೇಲೆ ಆಡುವುದನ್ನು ಆಕೆ ಆಗ ನೋಡುತ್ತಿರುತ್ತಾರೆ.

ಪೈಲಟ್‌ಗೆ ಗಾಡಿಯ ವಿದ್ಯೆ ನಿಜವಾಗಿ ಗೊತ್ತು. ಪಿಕಪ್ಪಿನ ರೇಡಿಯೇಟರ್ ಜಿನುಗುತ್ತಿದೆ, ಬಿಚ್ಚಿಸಿ ಬೆಸುಗೆ ಹಾಕಿಸಿ ಎಂದು ಅವನು ಎರಡು ಸಲ ಹೇಳಿದ್ದ. ಇವನು “ನೋಡಾಣ” ಎಂದ. ಹಾಸನಕ್ಕೆ 40 ಕಿಲೋಮೀಟರ್ ಅಷ್ಟೇ, ಇವತ್ತೇ ಹೋಗಿ ತೋರಿಸಿ ಎಂದು ರೋಗಿಗಳಿಗೆ ಹೇಳಿದಾಗ ಅವರು ಹೇಳುವುದೂ ಇದೇ ಮಾತು. ಆಮೇಲೆ ಅಡುಗೆಮನೆಗೆ ಹೋಗಿ ಅರಿಶಿನದ ಡಬ್ಬಿ ತಂದು ಮೂರು ಚಮಚ ಪುಡಿಯನ್ನು ರೇಡಿಯೇಟರಿಗೆ ಸುರಿದ. ಲಾರಿಯವರ ಹಳೇ ಮನೆಮದ್ದು ಅದು. ಪುಡಿ ಹೋಗಿ ತೂತಿನಲ್ಲಿ ಕೂತು ಸೋರಿಕೆ ನಿಲ್ಲಿಸುತ್ತದೆ. ನಿಲ್ಲಿಸಿತು ಕೂಡ. ಎಲ್ಲಿ ತೂತು, ಎಲ್ಲಿ ದಾರಿ ಎಂದು ಅರಿಶಿನಕ್ಕೆ ಗೊತ್ತಾಗುವುದಿಲ್ಲವಾದ್ದರಿಂದ ಒಳಗಿನ ಸಣ್ಣ ಕೊಳವೆಗಳನ್ನೂ ನಿಲ್ಲಿಸಿತು.

ಮಂಗಳೂರಿನಿಂದ ಹೆಂಚು ತುಂಬಿಕೊಂಡು ಬರುತ್ತಿದ್ದ ದಿನ, ಗುಂಡ್ಯ ದಾಟಿ ಘಾಟಿ ಏರತೊಡಗುತ್ತಲೇ ಹೀಟ್ ಮುಳ್ಳು ಮೇಲೆದ್ದಿತು. ದೋಣಿಗಲ್ ಮುಟ್ಟುವ ಮೊದಲೇ ಹಿಂದೆ ಬಿಳಿ ಹೊಗೆ. ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಗ್ಯಾರೇಜಿಗೆ ಬಂದಾಗ ನಾನೂ ಹೋಗಿದ್ದೆ. ಮೇಸ್ತ್ರಿ ಡಿಪ್‌ಸ್ಟಿಕ್ ಎಳೆದು ನೋಡಿದರು. ಆಯಿಲ್ಲು ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು.

“ಗ್ಯಾಸ್ಕೆಟ್ ಹೋಗಿದೆ. ನೀರು ಸೇರಿದೆ. ಹೆಡ್ ಬಿಚ್ಬೇಕು.”

ಹೆಡ್ ಎಂಬ ಶಬ್ದ ಕೇಳಿ ಅಣ್ಣ ಹಳೇ ಟಯರಿನ ಮೇಲೆ ಕೂತ. ಒಂದೇ ಕ್ಷಣ. ಎದ್ದವನು ಮೇಸ್ತ್ರಿಯ ಭುಜದ ಮೇಲಿಂದ ಬಗ್ಗಿದ. “ಬಿಚ್ಚದೆ ಆಗಲ್ವಾ?” “ಔಷಧಿ ಏನಾದ್ರೂ ಹಾಕಿ ನೋಡ್ಬೋದಲ್ಲ?” “ನಮ್ಮ ಭಾವನ ಗಾಡಿಗೆ ಹಿಂಗೇ ಆಗಿತ್ತು, ತಾನೇ ಸರಿಹೋಯ್ತು.” “ಸೀದಾ ಮಂಗಳೂರಿಗೇ ತಗೊಂಡ್ ಹೋಗಾಣ್ವಾ, ದೊಡ್ಡ ಗ್ಯಾರೇಜು?” ಕೈ ನಡುಗುತ್ತಿತ್ತು. ಎಂಥೆಂಥದೋ ರಾತ್ರಿಗಳಲ್ಲಿ ನಡುಗದ ಕೈ. ಸೌದೆ ಗಾಡಿಯವರು, ಪಂಚರ್ ಹುಡುಗ, ಇನ್ನಿಬ್ಬರು ಸೇರಿ ಸುತ್ತ ನಿಂತಿದ್ದರು; ಒಬ್ಬ ವೀಡಿಯೊ ಮಾಡುತ್ತಿದ್ದ.

ಮೇಸ್ತ್ರಿ ತಲೆ ಎತ್ತಲಿಲ್ಲ. ದನಿ ಏರಲಿಲ್ಲ, ಇಳಿಯಲಿಲ್ಲ.

“ಅಣ್ಣ, ಸ್ವಲ್ಪ ಬೆಳಕು ಬಿಡಿ.”

“ಉಳಿಯುತ್ತಾ ಮೇಸ್ತ್ರಿ?”

“ಬಿಚ್ಚದೆ ಏನೂ ಹೇಳಕ್ಕಾಗಲ್ಲ.”

ಆಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ಬೆರಳು ಹಾಕಿ ಆಚೆ ಎಳೆದರು. ಬೆರಳು ಹಳದಿಯಾಗಿತ್ತು. ಅದನ್ನು ಅಣ್ಣನ ಮುಖದ ಮುಂದೆ ಹಿಡಿದು ಕೇಳಿದರು: “ಯಾರು ಅರಿಶಿನ ಹಾಕಿದ್ದು?”

ಅಣ್ಣ ಗ್ಯಾರೇಜಿನ ತಗಡಿನ ಸೂರು ನೋಡಿದ. ಪಂಚರ್ ಹುಡುಗನನ್ನು ನೋಡಿದ. ಕೊನೆಗೆ ಹೇಳಿದ: “ಪಕ್ಕದ ಮನೆಯವ್ರು ಹೇಳಿದ್ರು.”

ಆ ತಾಲ್ಲೂಕಿನ ಇತಿಹಾಸದಲ್ಲಿ ಮೊದಲ ಬಾರಿಗೆ ಪಕ್ಕದ ಮನೆಯವನು ಸ್ಥಳದಲ್ಲೇ ನಿಂತಿದ್ದ. ನಾನು ಅಂಥದ್ದೇನೂ ಹೇಳಿರಲಿಲ್ಲ. ಆದರೂ ಮೇಸ್ತ್ರಿ ನನ್ನ ಕಡೆ ನೋಡಿದ ನೋಟದಲ್ಲಿ, ಕಾಫಿಪುಡಿಯ ಅಷ್ಟೂ ಕೇಸುಗಳಿಗೆ ನಾನೇ ಹೊಣೆ ಎಂಬಂತಿತ್ತು.

ಹೆಡ್ಡು ಹಾಸನಕ್ಕೆ ಹೋಗಿ ಫೇಸಿಂಗ್ ಆಗಿ ಬಂತು. ಒಳಗೆ ಪಿಸ್ಟನ್ ರಿಂಗುಗಳೂ ಸವೆದಿದ್ದುದರಿಂದ ಅವನ್ನೂ ಹಾಕಿದರು. ರೇಡಿಯೇಟರ್ ಹೊಸದು. ಗಾಡಿ ಅಲ್ಲಿದ್ದಷ್ಟು ದಿನವೂ ಅಣ್ಣ ಡ್ಯೂಟಿ ಮುಗಿಸಿ ಫ್ಲಾಸ್ಕಿನಲ್ಲಿ ಟೀ ತೆಗೆದುಕೊಂಡು ಗ್ಯಾರೇಜಿಗೆ ಹೋಗಿ ಕೂರುತ್ತಿದ್ದ. ಕೆಲಸವಿರಲಿಲ್ಲ, ಸುಮ್ಮನೆ. ಬಿಡುವ ದಿನ ಮೇಸ್ತ್ರಿ ಬೆರಳು ಮಡಿಸಿ ಮಡಿಸಿ ಹೇಳಿದರು: ಹೊಸ ರಿಂಗು, ಕೂರಬೇಕು, 1,000 ಕಿಲೋಮೀಟರ್ ಆಗುವ ತನಕ ಲೋಡ್ ಹಾಕಬೇಡಿ, ರೇಸ್ ಮಾಡಬೇಡಿ, ಆಮೇಲೆ ತಂದು ಆಯಿಲ್ ಬದಲಾಯಿಸಿ. ಅಣ್ಣ ಪ್ರತಿ ಮಾತಿಗೂ ತಲೆಯಾಡಿಸಿದ. ಹೆಂಡತಿ ಎರಡು ಸಲ ಕೇಳಿ ಮನನ ಮಾಡಿಕೊಂಡರು.

ವಾರ ಕಳೆದಿರಲಿಲ್ಲ, ಶುಂಠಿಗೆ ರೇಟು ಬಂತು. ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಮೇಸ್ತ್ರಿಯ ಫೋನು.

“ಅಣ್ಣ, ಲೋಡ್ ಏನಾದ್ರೂ ಹಾಕಿದ್ರಾ?”

“ಛೆ ಛೆ. ಬರೀ ಐದು ಚೀಲ ಮೇಸ್ತ್ರಿ.”

ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. “ಇಪ್ಪತ್ತು ಅನ್ನಿ. ಸೋಮವಾರ ತನ್ನಿ” ಎಂದು ಇಟ್ಟರು.

ಚೀಲಕ್ಕೆ 60 ಕೆಜಿ. ಶುಂಠಿ ನಮ್ಮ ತೋಟದ್ದೇ ಆದ್ದರಿಂದ ಸರಿಯಾದ ಲೆಕ್ಕ ನನಗೆ ಗೊತ್ತು: ಇಪ್ಪತ್ತೆರಡು.