ಗೋಡೆ ಮೇಲಿನ ಪ್ರಶಂಸಾಪತ್ರದವರಿಗೆ ಕೆಳಗಿನಿಂದೊಂದು ಬಹಿರಂಗ ಪತ್ರ

ಮ|| ರಾ|| ಶ್ರೀ ಪ್ರಶಂಸಾಪತ್ರದವರ ಸನ್ನಿಧಾನಕ್ಕೆ,
ಗಾಜಿನ ಬೀರುವಿನ ಬಲಗಡೆ, ಎರಡನೇ ಮೊಳೆ, ಶಾಲಾ ಗ್ರಂಥಾಲಯ.

ತಮ್ಮ ಅಡಿಯಲ್ಲೇ ಸ್ಟೂಲು ಹಾಕಿಕೊಂಡು ಕೂತಿರುವ ಲೈಬ್ರರಿ ಮಿಸ್ಸಿನ ನಮಸ್ಕಾರಗಳು. ಉಭಯ ಕುಶಲೋಪರಿ. ಒಂದೇ ಕೋಣೆಯಲ್ಲಿದ್ದುಕೊಂಡು ಕಾಗದ ಬರೆಯುವುದು ಅಧಿಕಪ್ರಸಂಗವೆಂದು ಬಲ್ಲೆ. ಆದರೆ ಇಲ್ಲಿ ಗಟ್ಟಿಯಾಗಿ ಮಾತಾಡಬಾರದೆಂದು ಬೋರ್ಡು ಹಾಕಿದವಳು ನಾನೇ.

ತಾವು ಹೋದ ವರ್ಷ ಆಗಸ್ಟ್ 12ರಂದು ದಯಮಾಡಿಸಿದಿರಿ. ಎಸ್.ಆರ್. ರಂಗನಾಥನ್ ಹೆಸರಿನಲ್ಲಿ ಗ್ರಂಥಪಾಲಕರ ದಿನ ಆಚರಿಸುವ ದಿನವದು. ಒಂದು ಶಾಲು, ಎರಡು ಸೇಬು, ನಾಲ್ಕು ಭಾಷಣಗಳ ಮೆರವಣಿಗೆಯಲ್ಲಿ ತಾವು ಬಂದಾಗ ನನ್ನ ಕಣ್ಣು ತುಂಬಿಬಂದದ್ದು ಸುಳ್ಳಲ್ಲ. ಚಿನ್ನದ ಬಣ್ಣದ ಅಂಚು, ನಡುವೆ ಉರಿಯುವ ದೀಪ, ಮಿರಮಿರ ಲ್ಯಾಮಿನೇಷನ್. ನನ್ನ ಹೆಸರಿನ ಒತ್ತಕ್ಷರವೊಂದು ಪ್ರಿಂಟಿಂಗ್ ಪ್ರೆಸ್ಸಿನ ದಾರಿಯಲ್ಲಿ ಬಿದ್ದುಹೋಗಿತ್ತು, ಅಷ್ಟೆ. ಹೃದಯದಿಂದ ಹೊರಟು ಬರುವಾಗ ಇಂಥದ್ದೆಲ್ಲ ಆಗುತ್ತದೆ. ತಮ್ಮ ಸಹೋದರರೊಬ್ಬರು ನಮ್ಮ ಡ್ರಿಲ್ ಮೇಷ್ಟ್ರ ಮನೆಯಲ್ಲೂ ಇದ್ದಾರೆಂದು ಆಮೇಲೆ ತಿಳಿಯಿತು. ಅವರ ಮೈಮೇಲೂ 'ಜ್ಞಾನದೀವಿಗೆ' ಎಂದೇ ಬರೆದಿದೆಯಂತೆ. ಮೇಷ್ಟ್ರು ಕಲಿಸುವುದು ವಾಲಿಬಾಲ್.

ತಮಗೆ ಫ್ರೇಮು ಹಾಕಿಸುವ ಪುಣ್ಯವೂ ನನಗೇ ದಕ್ಕಿತು. 380 ರೂಪಾಯಿ. ಅಷ್ಟಕ್ಕೆ ಎಂಟು ಕಥೆಪುಸ್ತಕ ಬರುತ್ತಿದ್ದವಲ್ಲ ಎಂದು ಅಂಗಡಿಯಲ್ಲೇ ನಿಂತು ಲೆಕ್ಕ ಹಾಕಿದ್ದು ನನ್ನ ಸಣ್ಣತನ, ಕ್ಷಮಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಒಂದು ಗ್ರಂಥಾಲಯ, ಅದರಲ್ಲಿ ಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯದ ಪುಸ್ತಕಗಳು ಇರಬೇಕೆಂದಿದೆ. ಪ್ರಶಂಸಾಪತ್ರ ಇರಬೇಕೆಂದು ಎಲ್ಲೂ ಇಲ್ಲ. ಆದರೂ ಆಡಳಿತ ಮಂಡಳಿಯವರು ಕಾಯ್ದೆ ಕೇಳಿದ್ದನ್ನು ಬಿಟ್ಟು, ಕೇಳದೇ ಇದ್ದದ್ದನ್ನು ಕೊಟ್ಟರು. ಇಂಥ ಔದಾರ್ಯ ಎಲ್ಲಿ ಕಂಡೇವು!

ಅಂದಿನ ಭಾಷಣಗಳಲ್ಲಿ ರಂಗನಾಥನ್ ಹೆಸರು ಏಳು ಸಲ ಬಂತು, ಎಣಿಸಿದ್ದೇನೆ. ಅವರು ಮೊದಲು ಗಣಿತದ ಮೇಷ್ಟ್ರು. 1924ರಲ್ಲಿ ಗಣಿತ ಬಿಟ್ಟು ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಗೆ ಬಂದರು. ನಮ್ಮ ಶಾಲೆಯಲ್ಲಿ ಆ ಪರಂಪರೆಯನ್ನು ಉಲ್ಟಾ ನಡೆಸಿಕೊಂಡು ಬಂದಿದ್ದೇವೆ. ಗುರುವಾರ ಕೊನೆಯ ಪೀರಿಯಡ್ಡು ಟೈಮ್‌ಟೇಬಲ್ಲಿನಲ್ಲಿ ಲೈಬ್ರರಿ, ಕರಿಹಲಗೆಯ ಮೇಲೆ ತ್ರಿಕೋನಮಿತಿ. ಆ ಹೊತ್ತಿಗೆ ನಾನು "ಹೇಗೂ ಫ್ರೀ ಇದೀರಲ್ಲ ಮಿಸ್" ಎಂಬ ಕರೆಗೆ ಓಗೊಟ್ಟು ರಜೆ ಹಾಕಿದ ಯಾರದೋ ಕ್ಲಾಸಿನಲ್ಲಿ ಮಕ್ಕಳ ಗಲಾಟೆ ಕಾಯುತ್ತಿರುತ್ತೇನೆ. ಇದು ತಮ್ಮ ಮೂರನೇ ಸಾಲಿನಲ್ಲಿ 'ಬಹುಮುಖ ಸೇವೆ' ಎಂದು ನಮೂದಾಗಿದೆ. ಕೃತಜ್ಞಳು. 'ಅಚ್ಚುಕಟ್ಟು' ಎಂಬ ಮಾತಿಗೂ ಕೃತಜ್ಞಳು. ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂದು ಒಂದೊಂದೇ ಚೀಟಿ ಅಂಟಿಸಿ ನಾನು ಮೂರು ತಿಂಗಳು ಜೋಡಿಸಿದ್ದನ್ನು, ಸಮಾರಂಭದ ಹಿಂದಿನ ಸಂಜೆ ಫೋಟೋಗೆ ಚೆನ್ನಾಗಿ ಕಾಣಲೆಂದು ಎತ್ತರದ ಪ್ರಕಾರ ನಿಲ್ಲಿಸಿದರು. ಕಾದಂಬರಿಗಳ ನಡುವೆ ಜೀವಶಾಸ್ತ್ರ ಸೈನಿಕನಂತೆ ನಿಂತಿತ್ತು.

ತಮ್ಮ ಮರಿಗಳ ವಿಚಾರವನ್ನೂ ನಿವೇದಿಸಿಕೊಳ್ಳುತ್ತೇನೆ. ಸೆಪ್ಟೆಂಬರ್ 5ಕ್ಕೆ ಎಂಟನೇ ತರಗತಿಯಿಂದ 42 ಮೆಚ್ಚುಗೆ ಚೀಟಿಗಳು ಬಂದವು. ಎಲ್ಲದರಲ್ಲೂ 'ಹೃತ್ಪುರ್ವಕ ವಂದನೆಗಳು'. ನಲವತ್ತೆರಡು ಹೃದಯಗಳಲ್ಲೂ ಒಂದೇ ಕಡೆ ದೀರ್ಘ ತಪ್ಪಿತ್ತು. ಬೋರ್ಡಿನ ಮೇಲೆ ಬರೆದದ್ದನ್ನು ಇಳಿಸಿಕೊಂಡಿವೆ, ಪಾಪ. ಒಬ್ಬನಂತೂ 'ಕೆಳಗೆ ಸಹಿ ಮಾಡಿ' ಎಂಬುದನ್ನೂ ಬಿಟ್ಟಿರಲಿಲ್ಲ.

ಆದರೆ ಒಂದು ಚೀಟಿಯ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಹೀಗಿತ್ತು: "ಮಿಸ್, ಬೀರುವಿನ ಮೇಲಿನ ಸಾಲಲ್ಲಿ ಹಸಿರು ಪುಸ್ತಕ ಐತಲ್ಲ, ಅದ್ರ ಹೆಸ್ರು ಏನು? ಗಾಜಿಂದ ಅರ್ಧನೇ ಕಾಣ್ತೈತೆ."

ಇದನ್ನು ಓದಿದ ಮೇಲೆ ತಮ್ಮ ಕಡೆ ಕತ್ತೆತ್ತಿ ನೋಡುವುದು ನನಗೆ ಕಷ್ಟವಾಗಿದೆ. ಯಾಕೆಂದರೆ ತಮ್ಮ ಮೈಮೇಲಿನ ಅತಿ ದೊಡ್ಡ ಹೊಗಳಿಕೆ, ಎಲ್ಲಕ್ಕಿಂತ ದಪ್ಪ ಅಕ್ಷರದ್ದು, ಇದು: '11 ವರ್ಷಗಳ ಸೇವೆಯಲ್ಲಿ ಒಂದೇ ಒಂದು ಪುಸ್ತಕವೂ ಕಳೆಯದಂತೆ ಕಣ್ರೆಪ್ಪೆಯಂತೆ ಕಾಪಾಡಿದ್ದಾರೆ.'

ನಿಜ ಸ್ವಾಮಿ. ಕೊಟ್ಟರೆ ತಾನೆ ಕಳೆಯುವುದು? ಕೆಲಸಕ್ಕೆ ಸೇರಿದ ದಿನ ಬೀಗದ ಕೈ ಕೊಡುತ್ತಾ, ಕಳೆದರೆ ಸಂಬಳದಲ್ಲಿ ಮುರಿದುಕೊಳ್ಳುತ್ತೇವೆಂದು ಗುಮಾಸ್ತರು ನಗುನಗುತ್ತಲೇ ಹೇಳಿದ್ದರು. ಅಂದಿನಿಂದ ಆ ಕೈ ನನ್ನ ಸೊಂಟದಲ್ಲಿ, ಪುಸ್ತಕ ಗಾಜಿನ ಹಿಂದೆ, ಮಕ್ಕಳು ಗಾಜಿನ ಮುಂದೆ. ರಂಗನಾಥನ್ 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕಗಳು ಬಳಕೆಗಾಗಿ ಎಂಬುದು. ಭಾಷಣದಲ್ಲಿ ಅದೂ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ಬೀಗ ಹಾಕಿಯೇ ಇತ್ತು. ಹಾಂ, ಗೆದ್ದಲು ತಿಂದದ್ದು ಕಳೆದ ಲೆಕ್ಕಕ್ಕೆ ಬರುವುದಿಲ್ಲ. ರಟ್ಟು ಉಳಿದಿದ್ದರೆ ಪುಸ್ತಕ ಸ್ಟಾಕಿನಲ್ಲಿದೆ ಎಂದೇ ಅರ್ಥ.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯಗಳಿಗೊಂದು ವಿನಾಯಿತಿ ಇದೆ. ವರ್ಷದಲ್ಲಿ ಓದಲು ಕೊಟ್ಟ ಸಾವಿರ ಪುಸ್ತಕಕ್ಕೆ ಐದು ಕಳೆದರೆ, ಮೋಸ ನಿರ್ಲಕ್ಷ್ಯ ಇಲ್ಲದಿದ್ದಲ್ಲಿ, ಅದನ್ನು ಸಹಜವೆಂದು ಒಪ್ಪಬಹುದು. ಇದನ್ನು ಗುಮಾಸ್ತರಿಗೆ ತೋರಿಸಿದೆ. ಅದು ದಿಲ್ಲಿಯ ಮಾತು, ನಮಗೆ ಬರುವುದಿಲ್ಲ ಎಂದರು. ಬಂದಿದ್ದರೂ ಉಪಯೋಗವಿರಲಿಲ್ಲ. ಹಾಗೆ ತೋರಿಸಿದ ವರ್ಷ ನಾನು ಕೊಟ್ಟದ್ದು 63 ಪುಸ್ತಕ, ಅದೂ ಹೆಚ್ಚಿನವು ಟೀಚರುಗಳಿಗೆ. ಆ ಲೆಕ್ಕದಲ್ಲಿ ನನಗೆ ಕಳೆಯಲು ಅವಕಾಶವಿದ್ದದ್ದು ಒಂದು ಪುಸ್ತಕದ ಸುಮಾರು ಮೂರನೇ ಒಂದು ಪಾಲು.

ಹೀಗಿರಲಾಗಿ ಸೆಪ್ಟೆಂಬರ್ ಮುಗಿಯುವುದರೊಳಗೆ ನನ್ನಿಂದ ಒಂದು ಅಪಚಾರ ನಡೆಯಿತು. ಬೀಗವನ್ನು ಕೊಂಡಿಗೆ ಸಿಕ್ಕಿಸಿ ಒತ್ತದೆ ಬಿಡತೊಡಗಿದೆ. ನೋಡುವವರಿಗೆ ಹಾಕಿದಂತೆಯೇ ಕಾಣುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ನಾನು ಬೇಕೆಂದೇ ಸ್ಟಾಫ್ ರೂಮಿಗೆ ಹೋಗಿ ಕೂತುಬಿಡುತ್ತಿದ್ದೆ. ತಾವು ಎಲ್ಲವನ್ನೂ ಮೇಲಿನಿಂದ ನೋಡಿರುತ್ತೀರಿ, ನನಗಿಂತ ತಮಗೇ ಚೆನ್ನಾಗಿ ಗೊತ್ತು. ದಸರಾ ರಜೆ ಕಳೆದು ಬಂದಾಗ ಮೇಲಿನ ಸಾಲಿನಲ್ಲಿ ಹಸಿರು ಪುಸ್ತಕದ ಜಾಗದಲ್ಲಿ ನಾಲ್ಕು ಮಡಿಕೆಯ ನೋಟ್‌ಬುಕ್ಕಿನ ಹಾಳೆ ನಿಂತಿತ್ತು.

"ಮಿಸ್, ಹಸಿರು ಪುಸ್ತಕ ನನ್ ಹತ್ರ ಐತೆ. ದಿನಾ ರಾತ್ರಿ ಅಜ್ಜಿಗೆ ಓದಿ ಹೇಳ್ತೀನಿ. ಮುಗಿದ್ರೆ ಅಜ್ಜಿ ಮತ್ತೆ ಮೊದ್ಲಿಂದ ಓದು ಅಂತೈತೆ. ಅದ್ಕೆ ಲೇಟು. ಥ್ಯಾಂಕ್ಸ್ ಮಿಸ್. ಬೈಬೇಡಿ."

ಹೆಸರಿಲ್ಲ. ಸಹಿ ಇಲ್ಲ. ದೀಪದ ಚಿತ್ರವೂ ಇಲ್ಲ. ಅಕ್ಷರ ನೋಡಿದರೆ ಯಾರೆಂದು ತಿಳಿಯುತ್ತದೆ, ನಾನು ತಿಳಿದುಕೊಂಡಿಲ್ಲ.

ಇಷ್ಟು ಅರಿಕೆ ಮಾಡಿಕೊಂಡದ್ದಕ್ಕೆ ಕಾರಣವಿದೆ. ಬರುವ ಶನಿವಾರ ಸ್ಟಾಕ್ ವೆರಿಫಿಕೇಶನ್. ಮೂರು ಜನ ರಿಜಿಸ್ಟರ್ ಹಿಡಿದು ಬರುತ್ತಾರೆ, ಮೊದಲು ತಮ್ಮನ್ನು ನೋಡಿ ಕೈಮುಗಿಯುತ್ತಾರೆ, ದಪ್ಪಕ್ಷರ ಓದುತ್ತಾರೆ, ಇಂಥವರ ಬೀರುವನ್ನು ಎಣಿಸುವುದೇನು ಬಂತು ಎಂದು ಕಾಫಿ ತರಿಸುತ್ತಾರೆ. ಹೀಗಾಗಲೆಂಬುದು ನನ್ನ ಪ್ರಾರ್ಥನೆ. ಈ ಪತ್ರ ಅಚ್ಚಾದರೂ ಅವರ ಕಣ್ಣಿಗೆ ಬೀಳುವ ಭಯವಿಲ್ಲ. ನಮ್ಮ ಶಾಲೆಯಲ್ಲಿ ಪತ್ರಿಕೆಗಳನ್ನೂ ಬೀರುವಿನಲ್ಲೇ ಇಡುತ್ತೇವೆ.

ಆ ನಾಲ್ಕು ಮಡಿಕೆಯ ಹಾಳೆಯನ್ನು ತಮ್ಮ ಫ್ರೇಮಿನ ಹಿಂದೆ, ರಟ್ಟಿಗೂ ತಮಗೂ ನಡುವೆ ಸೇರಿಸಿದ್ದೇನೆ. ಬೆನ್ನಿಗೆ ಚುಚ್ಚಿದರೆ ಮನ್ನಿಸಬೇಕು. ಮೊಳೆ ಸ್ವಲ್ಪ ಸಡಿಲವಿದೆ. ಶನಿವಾರ ಮಧ್ಯಾಹ್ನದವರೆಗೆ ದಯವಿಟ್ಟು ಅಲುಗಾಡದೆ ಇರಿ.

ಇಂತಿ ತಮ್ಮ ವಿಧೇಯಳು,
ಲೈಬ್ರರಿ ಮಿಸ್
(ಒತ್ತಕ್ಷರ ಬಿಟ್ಟು)