ನಾರ್ಕ್ಯಾನ್ ಬಳಸುವ ಕ್ರಮ: ಮೊದಲು 52 ವರ್ಷ ಕಾಯಿರಿ

ಪೆಟ್ಟಿಗೆಯೊಳಗೆ ಏನಿದೆ: ಮೂಗಿಗೆ ಹೊಡೆಯುವ ಸ್ಪ್ರೇ ಎರಡು. ಒಂದೊಂದರಲ್ಲೂ 4 ಮಿಲಿಗ್ರಾಂ ನಲಾಕ್ಸೋನ್. ಹೆರಾಯಿನ್, ಫೆಂಟನಿಲ್‌ನಂಥ ಅಫೀಮಿನ ಜಾತಿಯ ಮಾದಕ ಹೆಚ್ಚಾಗಿ ಉಸಿರು ನಿಲ್ಲುತ್ತಾ ಬಂದಾಗ, ಮೆದುಳಿನಲ್ಲಿ ಅದು ಹಿಡಿದ ಸೀಟಿನಿಂದ ಅದನ್ನು ಎಬ್ಬಿಸಿ ತಾನು ಕೂರುವ ಔಷಧಿ.

ಮೊದಲ ಹಂತ: ಕಾಯಿರಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಲಾಕ್ಸೋನ್‌ಗೆ ಒಪ್ಪಿಗೆ ಕೊಟ್ಟದ್ದು 1971ರಲ್ಲಿ. ಡಾಕ್ಟರ ಚೀಟಿ ಇಲ್ಲದೆ ನಾರ್ಕ್ಯಾನನ್ನು ಅಂಗಡಿಯಲ್ಲಿ ಮಾರಬಹುದು ಅಂದದ್ದು 2023ರ ಮಾರ್ಚ್‌ನಲ್ಲಿ. ಅಲ್ಲಿಯತನಕದ ಬಹುಪಾಲು ಕಾಲ, ಪ್ರಜ್ಞೆ ತಪ್ಪಲಿರುವವನು ಮುಂಚಿತವಾಗಿ ಡಾಕ್ಟರ ಬಳಿ ಹೋಗಿ, ‘ಸ್ವಾಮಿ, ಬರುವ ಶನಿವಾರ ಬೀಳುವವನಿದ್ದೇನೆ, ಬರೆದುಕೊಡಿ’ ಎಂದು ಕೇಳಬೇಕಿತ್ತು. ಷಿಕಾಗೋದ ಡ್ಯಾನ್ ಬಿಗ್ ಮತ್ತು ಸಂಗಡಿಗರು ಈ ಹಂತವನ್ನು ಓದದೆ ಬಿಟ್ಟವರು. 1996ರಲ್ಲೇ ವ್ಯಸನಿಗಳ ಕೈಗೆ ಔಷಧಿ ಹಂಚತೊಡಗಿದರು.

ಎರಡನೇ ಹಂತ: ದುಡ್ಡು ಹೊಂದಿಸಿ. 2023ರಲ್ಲಿ ಅಂಗಡಿಗೆ ಬಂದಾಗ ಪೆಟ್ಟಿಗೆಗೆ ಸುಮಾರು 45 ಡಾಲರ್ ಇತ್ತು. ಕೆಲವು ಊರುಗಳಲ್ಲಿ ಚಿಪ್ಸ್ ಬೀಳುವಂಥ ಯಂತ್ರದಲ್ಲೇ ಪುಕ್ಕಟೆ ಸಿಗುತ್ತದೆ, ವಿಚಾರಿಸಿ.

ಮೂರನೇ ಹಂತ: ಬಳಕೆ. ಸ್ಪ್ರೇ ಹೊಡೆಯಲು ಅರ್ಧ ನಿಮಿಷ ಸಾಕು. ತುಟಿ ನೀಲಿಗಟ್ಟಿದೆ, ಗಂಟಲಲ್ಲಿ ಗೊರಗೊರ ಸದ್ದು, ಎದೆಮೂಳೆಯನ್ನು ಗೆಣ್ಣಿನಿಂದ ಉಜ್ಜಿದರೂ ಏಳುತ್ತಿಲ್ಲ ಅಂದರೆ ಅಮೆರಿಕದ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಅಂಗಾತ ಮಲಗಿಸಿ, ಕತ್ತಿನಡಿ ಕೈ ಕೊಟ್ಟು ತಲೆ ಹಿಂದಕ್ಕೆ ಬಾಗಿಸಿ. ನಿಮ್ಮ ಬೆರಳು ಮೂಗಿನ ಬುಡಕ್ಕೆ ತಾಗುವವರೆಗೆ ಕೊಳವೆಯನ್ನು ಹೊಳ್ಳೆಯೊಳಗೆ ತೂರಿಸಿ ಒತ್ತಿ. ‘ಕೆಲಸ ಮಾಡುತ್ತದೋ ನೋಡೋಣ’ ಎಂದು ಮೊದಲು ಗಾಳಿಗೆ ಹೊಡೆಯಬೇಡಿ. ಒಂದು ಸ್ಪ್ರೇ, ಒಂದೇ ಸಲ. ಬಿದ್ದವನ ಮೈಯಲ್ಲಿ ಅಫೀಮಿನ ಜಾತಿಯದ್ದು ಇಲ್ಲದಿದ್ದರೆ ಔಷಧಿಯಿಂದ ಕೆಡುಕೇನೂ ಆಗದು, ಆದ್ದರಿಂದ ಅನುಮಾನಿಸುತ್ತಾ ನಿಲ್ಲಬೇಡಿ. ಎರಡು ಮೂರು ನಿಮಿಷದಲ್ಲಿ ಏಳದಿದ್ದರೆ ಎರಡನೆಯದು, ಇನ್ನೊಂದು ಹೊಳ್ಳೆಗೆ.

ಅಡ್ಡ ಪರಿಣಾಮ: ಎದ್ದವನು ನಿಮಗೆ ಕೈಮುಗಿಯುವುದಿಲ್ಲ. ನಶೆ ಒಮ್ಮೆಲೇ ಇಳಿದು ಮೈ ನಡುಗಿ, ವಾಂತಿ ಬಂದು, ಹಿಗ್ಗಾಮುಗ್ಗಾ ಬೈಯಬಹುದು. ಬೈಯಲು ಉಸಿರು ಬೇಕಷ್ಟೆ. ಆದರೂ ಬಿಟ್ಟು ಹೋಗಬೇಡಿ: ಔಷಧಿಯ ಪ್ರಭಾವ 30ರಿಂದ 90 ನಿಮಿಷ, ಮಾದಕ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಬಹುದು, ಆಗ ಮತ್ತೆ ಸೀಟು ಹಿಡಿಯುತ್ತದೆ.

ಗ್ರಾಹಕರ ದೂರು: 2016ರಲ್ಲಿ ಅಮೆರಿಕದ ಮೇನ್ ರಾಜ್ಯದ ಗವರ್ನರ್ ಪಾಲ್ ಲಪೇಜ್ ಒಂದು ದೂರು ಕೊಟ್ಟರು. ಇದು ಜೀವ ಉಳಿಸುವುದಿಲ್ಲ, ಮುಂದಿನ ಸಲ ಬೀಳುವವರೆಗೆ ಆಯುಸ್ಸನ್ನು ಎಳೆಯುತ್ತದಷ್ಟೆ ಎಂಬುದು ಅವರ ತಕರಾರು. ಆ ಲೆಕ್ಕಕ್ಕೆ ಇನ್ಸುಲಿನ್ನೂ ತಿರಸ್ಕೃತ, ಮಧ್ಯಾಹ್ನದ ಊಟವೂ ತಿರಸ್ಕೃತ. ಚೀಟಿ ಇಲ್ಲದೆ ಫಾರ್ಮಸಿಯವರು ಕೊಡಲಿ ಎಂಬ ಮಸೂದೆಯನ್ನು ಅವರು ತಳ್ಳಿಹಾಕಿದರು. ಶಾಸನಸಭೆ ಅವರನ್ನೇ ತಳ್ಳಿಹಾಕಿ ಕಾನೂನು ಮಾಡಿತು.